ಶಿರಸಿಯ ಪಿನ್‌ಕೋಡ್ ಒಡೆಯಲು ಕುಳಿತ ಸಂಜೆ

ಶಿರಸಿಯಿಂದ ಅಕ್ಕ ಹಲಸಿನ ಹಪ್ಪಳದ ಪಾರ್ಸೆಲ್ ಕಳಿಸಿದ್ದಳು. ಡಬ್ಬದ ಮೇಲೆ ಎರಡು ಪಿನ್‌ಕೋಡ್. ನಮ್ಮ ಕಾರವಾರದ್ದು 581301, ಅವಳದ್ದು 581401. ನಡುವೆ ಬರೀ ನೂರರ ಅಂತರ. ಆದರೆ ಸ್ವಭಾವದಲ್ಲಿ ಇವೆರಡೂ ಘಟ್ಟದ ಕೆಳಗಿನ ಊರು ಮತ್ತು ಘಟ್ಟದ ಮೇಲಿನ ಊರಿನಷ್ಟೇ ಬೇರೆ ಬೇರೆ.

ಒಡೆಯುವುದು ಅಂದರೆ ಒಂದು ಸಂಖ್ಯೆಯನ್ನು ಚಿಕ್ಕ ಸಂಖ್ಯೆಗಳ ಗುಣಾಕಾರವಾಗಿ ಬಿಡಿಸುವುದು. ಕಾರವಾರದ ಸಂಖ್ಯೆ ಬೇಗ ಒಡೆಯುತ್ತದೆ. ಅಂಕಿಗಳನ್ನು ಕೂಡಿಸಿದರೆ 18. ಅದು ಒಂಬತ್ತರ ಮಗ್ಗಿಯಲ್ಲಿದೆ, ಹಾಗಾಗಿ ಇಡೀ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. 7ಕ್ಕೆ ಇನ್ನೂ ಚಂದದ ದಾರಿ ಇದೆ. 581 ಅಂದರೆ 7×83. ಆದ್ದರಿಂದ 581ರಿಂದ ಶುರುವಾಗುವ ಯಾವ ಪಿನ್‌ಕೋಡ್ ಆದರೂ ಕೊನೆಯ ಮೂರು ಅಂಕಿ ನೋಡಿದರೆ ಸಾಕು. ಕಾರವಾರದ 301 ಅಂದರೆ 7×43. ಕುಮಟಾದ 581343 ನೋಡಿ, ಕೊನೆಯ 343 ಅಂದರೆ 7×7×7! ಕಾರವಾರದ ಲೆಕ್ಕ 3×3×7×9227 ಎಂದು ಮುಗಿಯಿತು. ಇವೆಲ್ಲ ಅವಿಭಾಜ್ಯ ಸಂಖ್ಯೆಗಳು. ಇವನ್ನು ಮುಂದೆ ಒಡೆಯಲು ಬರುವುದಿಲ್ಲ.

ಶಿರಸಿಯದ್ದು ಹಾಗಲ್ಲ. 2, 3, 5ರಿಂದ ಭಾಗಿಸಿದೆ, ಪ್ರತಿ ಸಲವೂ ಶೇಷ 1. 7, 11, 13 ಕೂಡ ಆಗಲಿಲ್ಲ. 17ಕ್ಕೆ ಮತ್ತೆ ಶೇಷ 1, 19ಕ್ಕೂ 1. ಯಾಕೆ ಹೀಗೆ ಎಂದು ಹಿಂದಿನ ಸಂಖ್ಯೆ ನೋಡಿದೆ. 581400 ಅಂದರೆ 8×9×25×17×19. ಪಕ್ಕಪಕ್ಕದ ಎರಡು ಸಂಖ್ಯೆಗಳನ್ನು 1 ಬಿಟ್ಟರೆ ಬೇರೆ ಯಾವುದೂ ಒಟ್ಟಿಗೆ ಭಾಗಿಸಲಾರದು. ಸುಲಭದ ಅವಿಭಾಜ್ಯಗಳು ಆ ನೆರೆಯ ಸಂಖ್ಯೆಯ ಪಾಲಾಗಿದ್ದವು!

ಎಲ್ಲಿಯವರೆಗೆ ಹುಡುಕಬೇಕು? 763×763 ಮಾಡಿದರೆ 581401ನ್ನು ದಾಟುತ್ತದೆ. ಒಡೆಯುವುದಾದರೆ ಒಂದು ತುಂಡು 763ಕ್ಕಿಂತ ಚಿಕ್ಕದಿರಲೇಬೇಕು ಅಲ್ವಾ? ಅಷ್ಟರೊಳಗೆ ಇರುವ ಅವಿಭಾಜ್ಯಗಳು 135. ಒಂದೊಂದಾಗಿ ಭಾಗಿಸುತ್ತಾ ಹೋದೆ. 100 ದಾಟಿತು, 300 ದಾಟಿತು. 81 ಅವಿಭಾಜ್ಯಗಳು ಮುಗಿದವು. 82ನೆಯದು 421. ಶೇಷ ಸೊನ್ನೆ!

581401 = 421×1381. ಎರಡೂ ಅವಿಭಾಜ್ಯ. ಈ ಗುಣಾಕಾರ ಮಾಡಲು ಒಂದು ನಿಮಿಷವೇ ಸಾಕು. ತಿರುಗಿ ಬರಲು ನನಗೆ ಇಡೀ ಸಂಜೆ ಬೇಕಾಯಿತು. ಹೋಗುವುದು ಸುಲಭ, ಮರಳುವುದು ಕಷ್ಟ ಎಂಬ ಇದೇ ಗುಣದ ಮೇಲೆ 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಗುಟ್ಟಿನ ಸಂದೇಶಗಳಿಗೆ ಬೀಗ ಕಟ್ಟಿದರು. ಅದೇ ಆರ್‌ಎಸ್‌ಎ. ಇಂಟರ್‌ನೆಟ್ಟಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಎರಡು ಭಾರೀ ಅವಿಭಾಜ್ಯಗಳನ್ನು ಗುಣಿಸಿ, ಉತ್ತರವನ್ನು ಎಲ್ಲರಿಗೂ ತೋರಿಸಬಹುದು. ಆ ಎರಡನ್ನು ಮಾತ್ರ ಬಚ್ಚಿಡಬೇಕು. 2020ರಲ್ಲಿ 250 ಅಂಕಿಗಳ ಇಂಥ ಒಂದು ಸಂಖ್ಯೆಯನ್ನು ಒಡೆದರು. ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಒಂದೇ ಘಟಕಕ್ಕೆ, ಅಂದರೆ ಒಂದೇ ಕೋರ್‌ಗೆ ಒಪ್ಪಿಸಿದ್ದರೆ ಸುಮಾರು 2700 ವರ್ಷ ಹಿಡಿಯುವಷ್ಟು ಕೆಲಸ ಅದು. ಸವಾಲಾಗಿ ಇಟ್ಟಿದ್ದ 617 ಅಂಕಿಗಳ ಸಂಖ್ಯೆಯನ್ನು ಇನ್ನೂ ಯಾರೂ ಒಡೆದಿಲ್ಲ.

ಈಗ ನನ್ನ ಹಾಳೆಯ ಮೇಲೆ ಯಲ್ಲಾಪುರದ 581359 ಇದೆ. ಸದ್ಯ 61ರವರೆಗೆ ಬಂದಿದ್ದೇನೆ.