ರವೆ ಡಬ್ಬಿಯ ಕೆಳಗಿದ್ದ ಸೋಪಿನ ಸುಂದರಿ

ಮೊನ್ನೆ ಅಡುಗೆಮನೆ ಶೆಲ್ಫ್ ಒರೆಸೋಣ ಅಂತ ರವೆ ಡಬ್ಬಿ ಎತ್ತಿದೆ. ಕೆಳಗೆ ಹಾಸಿದ್ದ ಹಳೇ ವಾರಪತ್ರಿಕೆಯ ಹಾಳೆಯಲ್ಲಿ ಒಂದು ಸೋಪಿನ ಜಾಹೀರಾತು. ಹಾಳೆಯೆಲ್ಲ ಕಾಫಿ ಬಣ್ಣಕ್ಕೆ ತಿರುಗಿದೆ, ಡಬ್ಬಿ ಕೂತಿದ್ದ ಜಾಗ ಮಾತ್ರ ದುಂಡಗೆ, ಬೆಳ್ಳಗೆ ಉಳಿದಿದೆ. ಆ ದುಂಡಿನೊಳಗೆ ಒಬ್ಬ ಹೆಂಗಸಿನ ಅರ್ಧ ಮುಖ. ಅವಳ ತುಟಿಯ ಕೆಂಪು ತುಟಿ ಬಿಟ್ಟು ಒಂಚೂರು ಬಲಕ್ಕೆ ಸರಿದು ಕೆನ್ನೆ ಮೇಲೆ ಕೂತಿತ್ತು. ನಗು ಬಂತು. ಬಿಸಾಡೋಕೆ ಮಾತ್ರ ಮನಸ್ಸಾಗಲಿಲ್ಲ.

ಹಳೇ ಜಾಹೀರಾತು ಯಾಕೆ ಇಷ್ಟ ಅಂತ ಕೇಳಿದರೆ ಜಾಸ್ತಿ ಜನ ‘ಆ ಕಾಲವೇ ಬೇರೆ’ ಅನ್ನುತ್ತಾರೆ. ಕಾಲದ ಮಾತು ಬಿಡಿ. ನನ್ನ ಲೆಕ್ಕದಲ್ಲಿ ಆ ಚೆಂದದಲ್ಲಿ ಅರ್ಧ ಪ್ರೆಸ್ಸಿನ ತಪ್ಪುಗಳದ್ದು, ಇನ್ನರ್ಧ ಕಾಗದ ಕೆಡುತ್ತಿರುವುದರದ್ದು.

ಮೊಬೈಲ್ ಕ್ಯಾಮೆರಾದ ಗಾಜಿನ ಮೇಲೆ ಸಾಸಿವೆ ಗಾತ್ರದ ಒಂದು ಹನಿ ನೀರು ಇಟ್ಟು, ಹುಷಾರಾಗಿ ಬಗ್ಗಿಸಿ, ಹಾಳೆಯ ಹತ್ತಿರ ಹಿಡಿಯಿರಿ. ಹನಿಯೇ ಭೂತಗನ್ನಡಿ. ನೋಡಿದರೆ ಕೆನ್ನೆಯೂ ಇಲ್ಲ, ಕಣ್ಣೂ ಇಲ್ಲ, ಬರೀ ಚುಕ್ಕಿ! ಪ್ರೆಸ್ಸಿಗೆ ಗೊತ್ತಿರೋದು ಎರಡೇ: ಶಾಯಿ ಹಚ್ಚೋದು, ಹಚ್ಚದೇ ಇರೋದು. ಅರ್ಧ ಕಪ್ಪು ಅನ್ನೋದು ಅದಕ್ಕೆ ಬರಲ್ಲ. ಹಾಗಾಗಿ ನೆರಳಿರುವ ಕಡೆ ದಪ್ಪ ಚುಕ್ಕಿ, ಬೆಳಕಿರುವ ಕಡೆ ಸಣ್ಣ ಚುಕ್ಕಿ ಹಾಕಿ, ಬೆರೆಸುವ ಕೆಲಸವನ್ನು ನಮ್ಮ ಕಣ್ಣಿಗೇ ಬಿಟ್ಟುಬಿಟ್ಟರು. ಇದೇ ಹಾಫ್‌ಟೋನ್. ನ್ಯೂಯಾರ್ಕಿನ ‘ಡೈಲಿ ಗ್ರಾಫಿಕ್’ ಪತ್ರಿಕೆ 1880ರ ಮಾರ್ಚ್ 4ರಂದು ಈ ಉಪಾಯದಲ್ಲಿ ಒಂದು ಫೋಟೋ ಅಚ್ಚು ಹಾಕಿತು.

ನಮ್ಮಲ್ಲಿ ಇದರ ಹುಚ್ಚು ಹಿಡಿಸಿಕೊಂಡವರು ಕಲ್ಕತ್ತೆಯ ಉಪೇಂದ್ರಕಿಶೋರ್ ರಾಯ್ ಚೌಧರಿ. ತಾವು ಮಕ್ಕಳಿಗಾಗಿ ಬರೆದ ಪುಸ್ತಕದ ಚಿತ್ರಗಳು ಮರದ ಅಚ್ಚಿನಲ್ಲಿ ಹಾಳಾದವು ಅಂತ ಬೇಸರಪಟ್ಟು, ಬ್ರಿಟನ್ನಿನಿಂದ ಸಾಮಾನು ತರಿಸಿ, 1895ರಲ್ಲಿ ಸ್ವಂತ ಬ್ಲಾಕ್, ಅಂದರೆ ಚಿತ್ರ ಛಾಪಿಸುವ ಅಚ್ಚು, ಮಾಡುವ ಕಸುಬು ಶುರು ಮಾಡಿದರು. ಅವರು ಹಾಫ್‌ಟೋನ್ ಬಗ್ಗೆ ಬರೆದ ಲೇಖನಗಳನ್ನು ಲಂಡನ್ನಿನ ಮುದ್ರಣ ಪತ್ರಿಕೆ ಛಾಪಿಸಿತು. ಅವರ ಮೊಮ್ಮಗ ಸತ್ಯಜಿತ್ ರಾಯ್ 1943ರಲ್ಲಿ ಕೆಲಸಕ್ಕೆ ಸೇರಿದ್ದು ಎಲ್ಲಿ ಗೊತ್ತಾ? ಜಾಹೀರಾತು ಕಂಪನಿಗೆ, ಚಿತ್ರ ಬರೆಯೋಕೆ.

ಚುಕ್ಕಿ ಇನ್ನೂ ಸಣ್ಣದಾಗಿದ್ದರೆ ಕಣ್ಣಿಗೆ ಸಿಗುತ್ತಲೇ ಇರಲಿಲ್ಲ. ಆದರೆ ಪತ್ರಿಕೆ ಕಾಗದ ಒರಟು, ಶಾಯಿ ಹರಡುತ್ತದೆ, ತೀರಾ ಸಣ್ಣ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡು ಮಸಿಮಸಿ ಆಗುತ್ತವೆ. ಅದಕ್ಕೇ ಇಂಚಿಗೆ ಚುಕ್ಕಿಗಳ 65ರಿಂದ 85 ಸಾಲು ಸಾಕು ಅಂತಿದ್ದರು, ಅಂದರೆ ಸಾಲಿಂದ ಸಾಲಿಗೆ 0.3–0.4 ಮಿಲಿಮೀಟರ್. ಒಳ್ಳೆಯ ಕಣ್ಣಿಗೆ ಓದುವ ದೂರದಲ್ಲಿ ಇದು ಚೂರು ಕಾಣಿಸಿಯೇಬಿಡುತ್ತದೆ. ಹಳೇ ಚಿತ್ರಗಳ ಆ ತರಿತರಿ ಬಂದಿದ್ದು ಇಲ್ಲಿಂದ. ಫೋಟೋ ಹೀಗೆ ಮಸಿಯಾಗುತ್ತೆ ಅನ್ನೋದೂ ಒಂದು ಕಾರಣ, ಎಷ್ಟೋ ಜಾಹೀರಾತುಗಳಲ್ಲಿ ಫೋಟೋ ಬದಲು ಕೈಯಲ್ಲಿ ಬರೆದ ಗೆರೆಚಿತ್ರಗಳೇ ಇರುತ್ತಿದ್ದವು.

ಇನ್ನು ಕೆನ್ನೆಗೆ ಹೋದ ತುಟಿಯ ಕಥೆ. ಹಳದಿ, ಕೆಂಪಿನ ಮಜೆಂಟಾ, ನೀಲಿಯ ಸಯಾನ್, ಕಪ್ಪು, ನಾಲ್ಕಕ್ಕೂ ಬೇರೆ ಬೇರೆ ಪ್ಲೇಟು. ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಮಧ್ಯೆ ಹಾಳೆ ತೇವ ಹೀರಿ ಒಂಚೂರು ಹಿಗ್ಗಿದರೂ ಸಾಕು, ಅಥವಾ ಪ್ಲೇಟು ಅಲುಗಿದರೂ ಸಾಕು, ಸುಂದರಿಯ ಲಿಪ್‌ಸ್ಟಿಕ್ ಜಾಗ ತಪ್ಪುತ್ತದೆ. ಈಗ ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವವರು ಇದೇ ತಪ್ಪನ್ನು ಬೇಕಂತಲೇ ಸೇರಿಸುತ್ತಾರೆ, ಅಂದಿನ ಪ್ರೆಸ್ಸಿನವರು ಬೈಸಿಕೊಂಡಿದ್ದು ಇದಕ್ಕೇ ಅಲ್ವಾ!

ಕಾಗದದ ವಿಷಯ ಇನ್ನೂ ಮಜಾ. ಮರದಲ್ಲಿ ನಾರು ನಾರನ್ನು ಹಿಡಿದಿಡುವ ಅಂಟಿನಂಥ ವಸ್ತು ಲಿಗ್ನಿನ್. ಒಳ್ಳೆ ಪುಸ್ತಕದ ಕಾಗದಕ್ಕೆ ಅದನ್ನು ರಾಸಾಯನಿಕ ಹಾಕಿ ತೆಗೆಯುತ್ತಾರೆ. ಅಗ್ಗದ ಪತ್ರಿಕೆ ಕಾಗದಕ್ಕೆ ಮರವನ್ನು ಸುಮ್ನೆ ಅರೆಯುತ್ತಾರೆ, ಲಿಗ್ನಿನ್ ಒಳಗೇ ಉಳಿಯುತ್ತದೆ. ಬೆಳಕು, ಗಾಳಿ ತಾಗಿದಾಗ ಅದು ಬದಲಾಗಿ ನೀಲಿ ಬೆಳಕನ್ನು ನುಂಗುವ ಕಣಗಳಾಗುತ್ತದೆ. ನೀಲಿ ಹೋದರೆ ನಮಗೆ ಕಾಣೋದು ಹಳದಿ, ಕಂದು. ರವೆ ಡಬ್ಬಿ ಬೆಳಕು ತಡೆದಿತ್ತು, ಕೆಳಗೆ ಬಿಳಿ ಉಳಿಯಿತು. ಜೊತೆಗೆ ಹುಟ್ಟುವ ಆಮ್ಲ ನಾರಿನ ಸರಪಣಿಗಳನ್ನು ಕತ್ತರಿಸುತ್ತಾ ಹೋಗುತ್ತದೆ, ಅದಕ್ಕೇ ಮಡಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಹಳೇ ಹಾಳೆಯ ಆ ಸಿಹಿ ವಾಸನೆ ಇದೆಯಲ್ಲ, ಅದರಲ್ಲಿ ವೆನಿಲಿನ್ ಕೂಡ ಇರುತ್ತದೆ. ಅದು ಲಿಗ್ನಿನ್ ಒಡೆದಾಗ ಹುಟ್ಟುವಂಥದ್ದು. ಒಂದು ಕಾಲಕ್ಕೆ ಐಸ್‌ಕ್ರೀಮಿನ ಕೃತಕ ವೆನಿಲಾ ಎಸೆನ್ಸನ್ನು ಪೇಪರ್ ಮಿಲ್ಲಿನ ತ್ಯಾಜ್ಯದಿಂದಲೇ ತಯಾರಿಸುತ್ತಿದ್ದರು.

ಶಾಯಿಯೂ ಸುಮ್ಮನಿರಲ್ಲ. ಬಿಸಿಲು ಬೀಳುವ ಕಟಿಂಗ್ ಶಾಪಿನ ಗಾಜಿಗೆ ಅಂಟಿಸಿದ ಹಳೇ ಪೋಸ್ಟರ್ ನೆನಪಿಸಿಕೊಳ್ಳಿ, ಹೀರೋ ಪೂರ್ತಿ ನೀಲಿ. ಹಳದಿ, ಮಜೆಂಟಾ ಬಿಸಿಲಿಗೆ ಬೇಗ ಸೋಲುತ್ತವೆ. ಸಯಾನ್ ಶಾಯಿಯಲ್ಲಿರುವುದು ಥ್ಯಾಲೋಸಯನೀನ್. ನಟ್ಟನಡುವೆ ತಾಮ್ರದ ಒಂದು ಪರಮಾಣು ಇಟ್ಟುಕೊಂಡ ಗಟ್ಟಿ ಕಣ ಅದು, ಸುಲಭಕ್ಕೆ ಜಗ್ಗಲ್ಲ.

ಸುಂದರಿಯನ್ನು ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿ ಕತ್ತಲೆಯ ಬೀರುವಿನಲ್ಲಿ ಇಟ್ಟೆ. ಶೆಲ್ಫಿಗೆ ಅವತ್ತಿನ ಪೇಪರ್ ಹಾಸಿದೆ. ಮುಖಪುಟದ ತುಂಬ ಅಪಾರ್ಟ್‌ಮೆಂಟಿನ ಜಾಹೀರಾತು, ಈಜುಕೊಳ, ತೆಂಗಿನಮರ, ನಗುವ ಕುಟುಂಬ. ಈಜುಕೊಳದ ಮೇಲೆ ರವೆ ಡಬ್ಬಿ ಇಟ್ಟೆ.