‘ಸಾಕು’ ಎಂದರೆ ‘ಹಾಕು’ ಎಂದು ಕೇಳಿಸುವುದೇಕೆ?

ಊಟಕ್ಕೆ ಕೂತ ಮೊಮ್ಮಗ ‘ಸಾಕು’ ಎನ್ನುತ್ತಾನೆ. ಅಜ್ಜಿ ಇನ್ನೊಂದು ಸೌಟು ಸಾರು ಬಡಿಸುತ್ತಾರೆ. ಅವನು ‘ಸಾಕೂ!’ ಎಂದು ಕೂಗುತ್ತಾನೆ. ಮತ್ತೊಂದು ಸೌಟು ಬೀಳುತ್ತದೆ. ‘ಬೇಕಾದ್ದು ಮಾತ್ರ ಕೇಳಿಸುತ್ತೆ ಇವರಿಗೆ’ ಎಂದು ದೂರುತ್ತಲೇ ಮನೆಯವರು ಅವರನ್ನು ಶ್ರವಣ ಪರೀಕ್ಷೆಗೆ ಕರೆತರುತ್ತಾರೆ.

ಅಜ್ಜಿಗೆ ಕೇಳಿಸಿದ್ದು ನಿಜಕ್ಕೂ ‘ಹಾಕು’. ಸದ್ದಿನ ಶ್ರುತಿ ಅಳೆಯುವುದು ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂದು. ‘ಆ’, ‘ಉ’ಗಳಂಥ ಸ್ವರಗಳ ಬಲ ಹೆಚ್ಚಾಗಿ ಇರುವುದು 1,000 ಹರ್ಟ್ಸ್‌ಗಿಂತ ಕೆಳಗೆ. ‘ಸ’ಕಾರದ ಸುಯ್ಯೆನ್ನುವ ಸದ್ದು 4,000ಕ್ಕಿಂತ ಮೇಲೆ, ಅದೂ ಬಲು ಮೆಲ್ಲಗೆ. ವಯಸ್ಸಾದಂತೆ ಮೊದಲು ಸವೆಯುವುದು ಒಳಕಿವಿಯ ಶಂಖದಂಥ ಸುರುಳಿಯ ಬುಡದಲ್ಲಿರುವ, ಸದ್ದನ್ನು ನರಕ್ಕೆ ದಾಟಿಸುವ ರೋಮಕೋಶಗಳು. ಎತ್ತರದ ಶ್ರುತಿ ಹಿಡಿಯುವುದು ಅವೇ. ಹಾಗಾಗಿ ಮಿದುಳಿಗೆ ಮುಟ್ಟುವುದು ಬರೀ ‘ಆಕು’. ಬಿಟ್ಟ ಸ್ಥಳವನ್ನು ಮಿದುಳು ಸಂದರ್ಭ ನೋಡಿ ತುಂಬುತ್ತದೆ. ಸೌಟು ಕೈಯಲ್ಲಿರುವಾಗ ‘ಹಾಕು’ ತಾನೇ ಹೊಂದುವುದು?

ದಯವಿಟ್ಟು ಕೂಗಬೇಡಿ. ಕೂಗಿದಾಗ ಬಲಿಯುವುದು ‘ಆ’ ಮತ್ತು ‘ಊ’. ‘ಸ’ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಉಬ್ಬಿದ ಸ್ವರ ಪಕ್ಕದ ವ್ಯಂಜನವನ್ನೂ ಮುಚ್ಚಿಹಾಕುತ್ತದೆ. ‘ಕಟ್ಟೆ’, ‘ತಟ್ಟೆ’, ‘ಪಟ್ಟೆ’ಗಳನ್ನು ಬೇರ್ಪಡಿಸುವ ಸುಳಿವು ಇರುವುದು ಮೊದಲ ಐವತ್ತು ಮಿಲಿಸೆಕೆಂಡುಗಳ ಆಸುಪಾಸಿನಲ್ಲಿ, ಗಂಟಲು ಹರಿದುಕೊಂಡರೂ ಅದು ಹಿಗ್ಗುವುದಿಲ್ಲ. ಜೊತೆಗೆ, ಸವೆದ ಕಿವಿಗೆ ಮೆಲುದನಿ ಕೇಳಿಸದು, ಜೋರುದನಿ ಬೇಗ ಚುಚ್ಚುತ್ತದೆ. ‘ಸ್ವಲ್ಪ ಜೋರಾಗಿ ಹೇಳು’ ಎಂದವರೇ ಮರುಕ್ಷಣ ‘ಯಾಕೋ ಕಿರುಚ್ತೀಯ’ ಎನ್ನುವುದು ಇದಕ್ಕೇ. ಅದು ಹಟವಲ್ಲ.

ಮಿಕ್ಸಿ, ಟೀವಿ ನಿಲ್ಲಿಸಿ. ಮೂರು ನಾಲ್ಕು ಅಡಿ ದೂರದಲ್ಲಿ, ನಿಮ್ಮ ಮುಖಕ್ಕೆ ಬೆಳಕು ಬೀಳುವಂತೆ ನಿಂತು, ಮೊದಲು ಅವರನ್ನು ಕರೆಯಿರಿ, ಆಮೇಲೆ ವಿಷಯ ಹೇಳಿ. ಕಿವಿಗೆ ಬಾಯಿಟ್ಟು ಮಾತಾಡಬೇಡಿ. ತುಟಿ ಕಾಣದಿದ್ದರೆ ಮಿದುಳಿಗಿದ್ದ ಇನ್ನೊಂದು ಸುಳಿವೂ ಹೋಯಿತು. ಅರ್ಥವಾಗದಿದ್ದರೆ ಅದೇ ಪದ ತಿರುಗಿ ಹೇಳದೆ ಬೇರೆ ಮಾತಿನಲ್ಲಿ ಹೇಳಿ: ‘ಸಾಕು’ ಬದಲು ‘ಹೊಟ್ಟೆ ತುಂಬ್ತು ಅಜ್ಜಿ’, ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು.

ಎಲ್ಲರ ತೊಂದರೆಯೂ ಇದೇ ಎನ್ನಲಾಗದು. ಸದ್ದು ಸಾಕಷ್ಟಿದ್ದೂ ಪದ ತಿಳಿಯದಿದ್ದರೆ ನರದ ತೊಂದರೆಯೂ ಇರಬಹುದು; ಪದ ಗುರುತಿಸುವ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಒಂದೇ ಕಿವಿ ದಿಢೀರನೆ ಮಂದವಾದರೆ ಅಂದೇ ಕಿವಿ ವೈದ್ಯರಲ್ಲಿಗೆ ಹೋಗಿ.

ಶ್ರವಣ ಸಾಧನ ಕೊಂಡ ಮೂರನೇ ದಿನ ‘ಬರೀ ಗಲಾಟೆ’ ಎಂದು ಬೀರುವಿಗೆ ಸೇರಿಸುವವರು ಬಹಳ. ವರ್ಷಗಟ್ಟಲೆ ‘ಸ’ ಕೇಳದ ಮಿದುಳಿಗೆ ಅದು ಮೊದಮೊದಲು ಗಲಾಟೆಯೇ. ಸದ್ದಿಲ್ಲದ ಕೋಣೆಯಲ್ಲಿ ಒಬ್ಬರೊಡನೆ ಮಾತಾಡುತ್ತ ದಿನಕ್ಕೆ ಎರಡು ಗಂಟೆಯಿಂದ ಶುರುಮಾಡಿ, ದಿನದಿನಕ್ಕೆ ಹೆಚ್ಚಿಸಿ. ಮದುವೆ ಮನೆ, ಸಂತೆ ಆಮೇಲಾಗಲಿ. ಕೆಲವು ವಾರ ಹಿಡಿಯುತ್ತದೆ. ನಡುವೆ ಒಮ್ಮೆಯಾದರೂ ಶ್ರವಣ ತಜ್ಞರಲ್ಲಿಗೆ ಹೋಗಿ ಸಾಧನವನ್ನು ಮರುಹೊಂದಿಸಿಕೊಳ್ಳಿ.