ಹುಣ್ಣಿಮೆ ಬಿಡಿ, ಅಷ್ಟಮಿ ಹಿಡಿಯಿರಿ

ಹೊಸದಾಗಿ ಟೆಲಿಸ್ಕೋಪ್ ಕೊಂಡವರು ಚಂದ್ರನ ಫೋಟೊ ತೆಗೆಯಲು ಹುಣ್ಣಿಮೆಗೆ ಕಾಯುತ್ತಾರೆ. ಪೂರ್ತಿ ಚಂದ್ರ, ಬೇಕಾದಷ್ಟು ಬೆಳಕು, ಇನ್ನೇನು ಬೇಕು ಅಲ್ವಾ? ಆಮೇಲೆ ಫೋಟೊ ನೋಡಿದರೆ ಬರೀ ಬಿಳುಪು, ನಡುವೆ ಒಂದಷ್ಟು ಬೂದು ಕಲೆ. ಕುಳಿಗಳೇ ಇಲ್ಲ. ಟೆಲಿಸ್ಕೋಪೇ ಸರಿಯಿಲ್ಲ ಅಂತ ಅದನ್ನು ಅಟ್ಟಕ್ಕೆ ಸೇರಿಸಿಬಿಡುತ್ತಾರೆ.

ಪಾಪ, ಅದರ ತಪ್ಪೇನೂ ಇಲ್ಲ. ಹುಣ್ಣಿಮೆಯಂದು ಸೂರ್ಯ ನಮ್ಮ ಬೆನ್ನ ಕಡೆ ಇರುತ್ತಾನೆ. ಚಂದ್ರನ ಗುಡ್ಡಗಳ ನೆರಳು ಆ ಗುಡ್ಡಗಳ ಹಿಂದೆಯೇ ಅಡಗಿಬಿಡುತ್ತದೆ. ಗೋಡೆಗೆ ಎದುರಿನಿಂದ ಟಾರ್ಚ್ ಬಿಟ್ಟರೆ ಗೋಡೆ ನುಣ್ಣಗಿದೆ ಅನ್ನಿಸುತ್ತದೆ. ಅದೇ ಟಾರ್ಚನ್ನು ಗೋಡೆಗೆ ಆನಿಸಿ ಪಕ್ಕದಿಂದ ಬಿಡಿ, ಗಾರೆಯವರು ಬಿಟ್ಟ ಒಂದೊಂದು ಉಬ್ಬೂ ಎದ್ದು ಕಾಣುತ್ತದೆ.

ಸ್ವಲ್ಪ ಲೆಕ್ಕ ಹಾಕಿದರೆ ಇನ್ನೂ ಮಜಾ ಇದೆ. 100 ಮಿ.ಮೀ. ಬಾಯಿಯ ಟೆಲಿಸ್ಕೋಪ್ ಚಂದ್ರನ ಮೇಲೆ ಸುಮಾರು 2 ಕಿ.ಮೀ.ವರೆಗಿನ ವಿವರವನ್ನಷ್ಟೇ ಬಿಡಿಸಿ ತೋರಿಸಬಲ್ಲದು. 100 ಮೀಟರ್ ಎತ್ತರದ ದಿಣ್ಣೆ ಗೊತ್ತಾಗುವ ಮಾತೇ ಇಲ್ಲ. ಆದರೆ ಅಲ್ಲಿ ಆಗಷ್ಟೇ ಬೆಳಗಾಗಿ, ಸೂರ್ಯ 1 ಡಿಗ್ರಿ ಮೇಲೆ ಬಂದಿದ್ದಾನೆ ಅಂದುಕೊಳ್ಳಿ. ಆ ದಿಣ್ಣೆಯ ನೆರಳು 5.7 ಕಿ.ಮೀ. ಉದ್ದ ಚಾಚಿರುತ್ತದೆ! ದಿಣ್ಣೆ ಸಿಗದಿದ್ದರೂ ನೆರಳು ಕ್ಯಾಮೆರಾಗೆ ಸಿಕ್ಕಿಬೀಳುತ್ತದೆ. ಚಂದ್ರನಲ್ಲಿ ಸೂರ್ಯ ಏರುವುದು ಗಂಟೆಗೆ ಹೆಚ್ಚೆಂದರೆ ಅರ್ಧ ಡಿಗ್ರಿ. ಎರಡು ಗಂಟೆ ಬಿಟ್ಟು ಮತ್ತೆ ಫೋಟೊ ತೆಗೆಯಿರಿ, ನೆರಳು ಅರ್ಧಕ್ಕರ್ಧ ಕುಗ್ಗಿರುತ್ತದೆ.

ಗೆಲಿಲಿಯೊ ಹಿಡಿದದ್ದೂ ಇದೇ ದಾರಿ. 1609ರ ಕೊನೆಯಲ್ಲಿ ಚಂದ್ರನ ಕತ್ತಲ ಭಾಗದಲ್ಲಿ ಒಂಟಿಯಾಗಿ ಹೊಳೆಯುವ ಚುಕ್ಕೆಗಳು ಅವನ ಕಣ್ಣಿಗೆ ಬಿದ್ದವು. ಬುಡದಲ್ಲಿ ಇನ್ನೂ ಕತ್ತಲೆ ಇರುವಾಗಲೇ ಬಿಸಿಲು ಕಂಡ ಬೆಟ್ಟದ ತುದಿಗಳು ಅವು. ಬೆಳಕಿನ ಅಂಚಿನಿಂದ ಚುಕ್ಕೆ ಎಷ್ಟು ದೂರ ಅಂತ ನೋಡಿ ಬೆಟ್ಟದ ಎತ್ತರವನ್ನೇ ಲೆಕ್ಕ ಹಾಕಿದ. 1969ರಲ್ಲಿ ಅಪೊಲೊ 11 ಇಳಿದದ್ದೂ ಅಲ್ಲಿನ ಬೆಳಗಿನ ಹೊತ್ತಿನಲ್ಲೇ, ಸೂರ್ಯ ಸುಮಾರು 10 ಡಿಗ್ರಿ ಎತ್ತರದಲ್ಲಿದ್ದಾಗ. ಇಳಿಯುವವರಿಗೆ ಹಳ್ಳ-ದಿಣ್ಣೆ ಕಾಣಬೇಕಲ್ಲ!

ಹಾಗಾಗಿ ಶುಕ್ಲಪಕ್ಷದ ಅಷ್ಟಮಿ, ನವಮಿ ಹೊತ್ತಿಗೆ ಟೆಲಿಸ್ಕೋಪನ್ನು ಕತ್ತಲು-ಬೆಳಕು ಸೇರುವ ಅಂಚಿಗೆ ತಿರುಗಿಸಿ. ದಕ್ಷಿಣದ ಅರ್ಧದಲ್ಲಿ ರೂಪೆಸ್ ರೆಕ್ಟಾ ಹುಡುಕಿ. ಸುಮಾರು 110 ಕಿ.ಮೀ. ಉದ್ದದ, ನೆಟ್ಟಗಿನ ಕಪ್ಪು ಗೆರೆ. ಫೋಟೊದಲ್ಲಿ ಭಯಂಕರ ಪ್ರಪಾತ. ನಿಜದಲ್ಲಿ ಕೆಲವು ನೂರು ಮೀಟರ್ ಎತ್ತರದ ಇಳಿಜಾರು, ನಡೆದೇ ಹತ್ತಬಹುದು. ಹುಣ್ಣಿಮೆ ಹೊತ್ತಿಗೆ ಅದು ಹೆಚ್ಚುಕಡಿಮೆ ಮಾಯ. ಕೃಷ್ಣಪಕ್ಷದಲ್ಲಿ ಬಿಸಿಲು ಆಚೆ ಕಡೆಯಿಂದ ಬಿದ್ದಾಗ ಅದೇ ಗೆರೆ ಬೆಳ್ಳಗೆ ಹೊಳೆಯುತ್ತದೆ!

ಇನ್ನು ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾಗೆ ಎಷ್ಟು ಬೆಳಕು ಬಿಡಬೇಕು ಅನ್ನುವ ಲೆಕ್ಕ. ರಾತ್ರಿ ಅಂತ ಸುಮ್ನೆ ಶಟರನ್ನು ಜಾಸ್ತಿ ಹೊತ್ತು ತೆರೆದಿಡಬೇಡಿ. ರಾತ್ರಿ ಇರುವುದು ನಮಗೆ. ಚಂದ್ರನ ಕಲ್ಲು-ಮಣ್ಣು ಬಿಸಿಲಲ್ಲೇ ಬಿದ್ದಿದೆ. ಹುಣ್ಣಿಮೆಗಾದರೆ ಎಫ್/11 (ಬೆಳಕು ಒಳಬರುವ ಕಿಂಡಿಯ ಅಳತೆ), ಐಎಸ್ಒ 100 (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ), ಶಟರ್ 1/100 ಸೆಕೆಂಡ್ ಸಾಕು. ಅರ್ಧ ಚಂದ್ರನ ಬೆಳಕು ಹುಣ್ಣಿಮೆಯ ಅರ್ಧದಷ್ಟಿರುವುದಿಲ್ಲ, ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಇದರಲ್ಲೂ ನೆರಳಿನ ಕೈವಾಡವಿದೆ. ಐಎಸ್ಒ 400ಕ್ಕೆ ಏರಿಸಿ ಅಲ್ಲಿಂದ ಶುರುಮಾಡಿ. ಇಷ್ಟು ಚುರುಕು ಶಟರಿಗೆ ಚಂದ್ರನ ಹಿಂದೆ ಓಡುವ ಮೋಟಾರೂ ಬೇಕಿಲ್ಲ. ಮೊಬೈಲನ್ನು ಐಪೀಸಿಗೆ (ಟೆಲಿಸ್ಕೋಪಿನಲ್ಲಿ ಕಣ್ಣಿಡುವ ಮಸೂರಕ್ಕೆ) ಕಟ್ಟಿದ್ದರೆ ಟೈಮರ್ ಹಾಕಿ, ಬೆರಳು ತಾಗಿದರೂ ಚಿತ್ರ ಅಲುಗುತ್ತದೆ.

ಫೋಕಸ್ ಸರಿಯಿದ್ದೂ ಚಿತ್ರ ಕುಣಿಯುತ್ತಿದ್ದರೆ ಅದು ನಮ್ಮ ಗಾಳಿಯ ಕಾಟ. ಒಂದೆರಡು ನಿಮಿಷ ವಿಡಿಯೊ ಮಾಡಿಕೊಳ್ಳಿ. ನಡುನಡುವೆ ಗಾಳಿ ತೆಪ್ಪಗಾದ ಕ್ಷಣಗಳೂ ಇರುತ್ತವೆ. ಆಟೊಸ್ಟ್ಯಾಕರ್ಟ್ ಎಂಬ ಉಚಿತ ಸಾಫ್ಟ್‌ವೇರ್ ಆ ಫ್ರೇಮುಗಳನ್ನು ಆರಿಸಿ ಒಂದರ ಮೇಲೊಂದು ಪೇರಿಸಿ ಕೊಡುತ್ತದೆ. ಆಮೇಲೆ ಶಾರ್ಪ್ ಮಾಡುವಾಗ ಕೈ ಬಿಗಿಹಿಡಿಯಿರಿ. ಅತಿ ಮಾಡಿದರೆ ಕುಳಿಗಳ ಅಂಚಿಗೆಲ್ಲ ಬಿಳಿ ಗೆರೆ ಹುಟ್ಟಿಕೊಳ್ಳುತ್ತದೆ. ಚಂದ್ರನಲ್ಲಿ ಅಂಥದ್ದು ಯಾವುದೂ ಇಲ್ಲ.